ನಿಂತವರ ಭಾರ

ಮೆಟ್ಟಿಲಿನ ಮೇಲೆ ಜನ ನಿಲ್ಲುತ್ತಾರೆ ಎಂಬುದು ಹೊನ್ನರಾಜುವಿಗೆ ಗೊತ್ತಿರಲಿಲ್ಲವೆಂದಲ್ಲ. ಮಾಗಡಿ ಸೀಮೆಯಲ್ಲಿ ಹುಟ್ಟಿ, ಬೀಗರ ಊಟ ಉಂಡು ಬೆಳೆದ ಯಾರಿಗಾದರೂ ಗೊತ್ತಿರುವ ಸಂಗತಿ ಅದು. ಊಟದ ಹಾಲ್ ಮೇಲಂತಸ್ತಿನಲ್ಲಿದ್ದರೆ, ಒಂದು ಪಂಕ್ತಿ ಉಣ್ಣುತ್ತಿರುವಾಗಲೇ ಮುಂದಿನ ಪಂಕ್ತಿಯವರು ಬಾಗಿಲಿನಿಂದ ಹಿಡಿದು ಮೆಟ್ಟಿಲ ಬುಡದವರೆಗೆ ಬಂದು ತುಂಬಿಕೊಳ್ಳುತ್ತಾರೆ. ಮುಂದಿನವನ ಬೆನ್ನಿಗೆ ಹಿಂದಿನವನ ಹೊಟ್ಟೆ ತಾಗಿರುತ್ತದೆ. ಯಾರೂ ನಡೆಯುವುದಿಲ್ಲ, ಯಾರೂ ಇಳಿಯುವುದಿಲ್ಲ, ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಲ್ಲುತ್ತಾರೆ. ಅವನೂ ಹಾಗೆ ನಿಂತು ಬೆಳೆದವನು. ಮಾಗಡಿಯ ಯಾವುದೋ ಛತ್ರದ ಮೆಟ್ಟಿಲ ಮೇಲೆ, ಸೋದರತ್ತೆ ದೊಡ್ಡಲಕ್ಷ್ಮಮ್ಮನ ಸೆರಗಿಗೆ ಮುಖ ಒತ್ತಿಕೊಂಡು, ಮೇಲಿನಿಂದ ಇಳಿದು ಬರುತ್ತಿದ್ದ ಬೋಟಿ ಗೊಜ್ಜಿನ ವಾಸನೆಗೆ ಬಾಯಲ್ಲಿ ನೀರು ತುಂಬಿಕೊಂಡು ನಿಂತಿದ್ದು ಅವನ ತೀರ ಹಳೆಯ ನೆನಪುಗಳಲ್ಲೊಂದು. ಸುತ್ತ ಬರಿಯ ಸೊಂಟಗಳು, ಸೀರೆಗಳು, ಪಂಚೆಗಳು. ಅತ್ತೆಯ ಅಂಗೈ ಮಾತ್ರ ಅವನ ನೆತ್ತಿಯ ಮೇಲೆ, ಯಾರೂ ಒತ್ತದ ಹಾಗೆ. ಆದರೂ ಇಂಜಿನಿಯರಾಗಿ ಕುದೂರಿನ ಬೋರಲಿಂಗಯ್ಯನ ಕಟ್ಟಡಕ್ಕೆ ಲೆಕ್ಕ ಹಾಕುವಾಗ, ಮೆಟ್ಟಿಲಿನ ಮೇಲೆ ಜನ ನಡೆದು ಹೋಗುತ್ತಾರೆ ಎಂದೇ ಅವನು ಹಾಕಿದ್ದ.

ಆಗ ಅದು ಮನೆ. ಕೆಳಗೆ ಮಳಿಗೆ, ಮೇಲೆ ಮಗ ಸೊಸೆಗೆ ಮನೆ ಎಂದಿದ್ದ ಬೋರಲಿಂಗಯ್ಯ. ಮನೆಯ ಮೆಟ್ಟಿಲಿಗೆ, ಮನೆಯ ಬಾಲ್ಕನಿಗೆ ಚದರ ಮೀಟರಿಗೆ ಮುನ್ನೂರು ಕಿಲೋ ಭಾರ ಹಿಡಿದರೆ ಸಾಕು. ಜನ ಕಿಕ್ಕಿರಿಯುವ ಜಾಗವಾದರೆ ಐನೂರು ಹಿಡಿಯಬೇಕು. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ, ಅದನ್ನು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆಮೇಲೆ ಮಗ ಸೊಸೆ ಮಾಗಡಿ ಪೇಟೆಯಲ್ಲೇ ಮನೆ ಮಾಡಿಕೊಂಡರು. ಬೋರಲಿಂಗಯ್ಯ ಒಳಗಿನ ಗೋಡೆಗಳನ್ನು ಒಡೆಸಿ ಮೇಲಂತಸ್ತನ್ನು ಒಂದೇ ಹಾಲು ಮಾಡಿದ, ಪಾರ್ಟಿ ಹಾಲ್ ಎಂದು ಬೋರ್ಡು ಹಾಕಿದ. ಒಂದು ದಿನ ಕುದೂರಿನ ಮೇಲೆ ಹೋಗುವಾಗ ಹೊನ್ನರಾಜು ಕಾರಿನೊಳಗಿಂದಲೇ ಆ ಬೋರ್ಡು ನೋಡಿದ. ನೋಡಿದವನು ಕುತ್ತಿಗೆ ತಿರುಗಿಸಿ ಎದುರು ಸಾಲಿನ ಗೊಬ್ಬರದಂಗಡಿಯನ್ನು ನೋಡಿದ, ಸಿಗರೇಟು ಕೈಯಲ್ಲಿರುವಾಗ ಎದುರು ಬಂದ ಮೇಷ್ಟರನ್ನು ನೋಡದವನ ಹಾಗೆ. ಆ ಕುತ್ತಿಗೆ ತಿರುಗಿಸಿದ್ದೇ ತಪ್ಪು. ಲೆಕ್ಕದ್ದಲ್ಲ. ಆಮೇಲೆ ಎಷ್ಟು ಸಲ ಆ ದಾರಿಯಲ್ಲಿ ಹೋದನೋ ಅಷ್ಟು ಸಲವೂ ಗೊಬ್ಬರದಂಗಡಿಯನ್ನೇ ನೋಡಿದ.

ಅತ್ತೆಯ ಮೊಮ್ಮಗಳು ನವ್ಯಶ್ರೀಯ ಮದುವೆಯಾಗಿ, ಬೀಗರ ಊಟದ ಕಾರ್ಡು ಬಂದಾಗ ಹಾಲಿನ ಹೆಸರು ನೋಡಿ ಹೆಂಡತಿ ಜ್ಯೋತಿಲಕ್ಷ್ಮಿಯೇ ಮೊದಲು ಹೇಳಿದ್ದು. "ಇದು ನೀವು ಮಾಡಿದ ಬಿಲ್ಡಿಂಗ್ ಅಲ್ವೇನ್ರೀ?" ಅವಳ ದನಿಯಲ್ಲಿ ಹೆಮ್ಮೆಯಿತ್ತು. ಹೂಂ ಎಂದ. ಫೋನು ಮಾಡಿ ಅತ್ತೆಯ ಮಗನಿಗೆ ಹೇಳಿಬಿಡಬೇಕು, ಬೇರೆ ಕಡೆ ಮಾಡಿಕೊಳ್ಳಿ ಎಂದು, ಅಂದುಕೊಂಡ. ಏನೆಂದು ಹೇಳುವುದು? ನಾನೇ ಕಟ್ಟಿಸಿದ್ದು, ಅದಕ್ಕೇ ಬೇಡ ಎಂದೇ? ರಾಮನಗರದ ಆಫೀಸಿನಲ್ಲಿ ಕೂತು ಅವನು ಹಳೆಯ ಲೆಕ್ಕವನ್ನು ಮತ್ತೆ ಮನಸ್ಸಿನಲ್ಲೇ ಮಾಡಿದ. ಒತ್ತಿ ನಿಂತ ಜನ ಎಂದರೆ ಚದರ ಮೀಟರಿಗೆ ಹೆಚ್ಚೆಂದರೆ ನಾನೂರು ಕಿಲೋ. ಹಿಡಿದದ್ದಕ್ಕಿಂತ ಹೆಚ್ಚು, ಆದರೆ ಎಲ್ಲ ಲೆಕ್ಕದ ಮೇಲೂ ಅರ್ಧದಷ್ಟು ಹೆಚ್ಚಿನ ಬಲ ಇಟ್ಟಿರುತ್ತದಲ್ಲ, ಆ ಮೀಸಲಿನೊಳಗೆ ಬರುತ್ತದೆ. ಬೀಳುವುದಿಲ್ಲ. ಬೀಳಬಾರದು. ಈ ಎರಡು ಮಾತಿನ ನಡುವಿನ ಅಂತರದಲ್ಲಿ ಅವನ ರಾತ್ರಿಗಳು ಕಳೆದವು. ಆ ಮೀಸಲು ಇರುವುದು ಕಳಪೆ ಜಲ್ಲಿಗೆ, ಕೈತಪ್ಪಿ ಹೆಚ್ಚಾದ ನೀರಿಗೆ, ತುಕ್ಕಿಗೆ. ತನ್ನ ಮೌನಕ್ಕೆ ಅಲ್ಲ. ಅದನ್ನು ನಿಯಮದಲ್ಲಿ ಬರೆದಿಟ್ಟವರು ತನ್ನಂಥವನನ್ನು ಕಾಣದೆಯೇ ತನ್ನ ಪರವಾಗಿ ಹೆದರಿದ್ದರು. ಆ ಹೆದರಿಕೆಯನ್ನು ತಾನು ಕೂತು ತಿನ್ನುತ್ತಿದ್ದೇನೆ ಅನ್ನಿಸಿತು.

ಈಗ ಅವನು ಅದೇ ಕಟ್ಟಡದ ಎದುರು ನಿಂತಿದ್ದ. ಬೇಕೆಂದೇ ತಡಮಾಡಿ ಬಂದಿದ್ದ. ಮೊದಲ ಪಂಕ್ತಿಗಳು ಮುಗಿದಿರಲಿ, ಜನ ಕರಗಿರಲಿ ಎಂದು. ಕರಗಿರಲಿಲ್ಲ. ಪಕ್ಕದಿಂದ ಏರಿದ ಕಿರಿದಾದ ಮೆಟ್ಟಿಲ ತುಂಬ ತಲೆಗಳೇ. ಮೆಟ್ಟಿಲು ಮುಗಿದು ಹಾಲಿನ ಬಾಗಿಲವರೆಗೆ ಹೋಗುವ ಕಾರಿಡಾರು, ಅವನ ನಕ್ಷೆಯಲ್ಲಿ ಸೊಸೆ ಬಟ್ಟೆ ಒಣಹಾಕಬೇಕಿದ್ದ ಬಾಲ್ಕನಿ, ಜನದಿಂದ ಉಬ್ಬಿಕೊಂಡಂತೆ ಕಾಣುತ್ತಿತ್ತು. ಹಾಲಿನ ಬಗ್ಗೆ ಅವನಿಗೆ ಅಷ್ಟು ಭಯವಿರಲಿಲ್ಲ. ಅದು ಕಂಬ ತೊಲೆಗಳ ಮೇಲೆ ಕೂತಿತ್ತು. ಟೇಬಲ್ಲು ಕುರ್ಚಿ ಹಾಕಿ ಉಣ್ಣಲು ಕೂತವರು ದೂರ ದೂರ ಕೂರುತ್ತಾರೆ. ಕಾರಿಡಾರಿಗೆ ಮಾತ್ರ ಕೆಳಗೆ ಏನೂ ಇಲ್ಲ, ಗೋಡೆಯಿಂದ ಹೊರಕ್ಕೆ ಚಾಚಿದ ಅಂಗೈ ಹಾಗೆ. ಆ ಅಂಗೈಯ ಬಲವೆಲ್ಲ ಕಾಂಕ್ರೀಟಿನೊಳಗೆ, ಮೇಲ್ಮೈಗೆ ಹತ್ತಿರ ಮಲಗಿರುವ ಕಬ್ಬಿಣದ ಕಂಬಿಯಲ್ಲಿ. ಮೋಲ್ಡ್ ಹಾಕುವ ದಿನ, ಕಾಂಕ್ರೀಟು ಸುರಿಯುವಾಗ, ಬಾಂಡಲಿ ಹೊತ್ತವರು ಓಡಾಡಿ ಆ ಕಂಬಿ ತುಳಿದು ಕೆಳಕ್ಕೆ ಕೂರಿಸಿಬಿಟ್ಟರೆ, ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಒಳಗೆ ಬಲವಿರುವುದಿಲ್ಲ. ಅದನ್ನು ನೋಡಿಕೊಳ್ಳಲೆಂದೇ ಇಂಜಿನಿಯರು ಆ ದಿನ ಅಲ್ಲಿ ನಿಂತಿರಬೇಕು. ಹೊನ್ನರಾಜು ನಿಂತಿರಲಿಲ್ಲ. ಆ ದಿನ ಅವನು ವಿರೂಪಾಕ್ಷಿಪುರದಲ್ಲಿ ಯಾರದೋ ಬೀಗರ ಊಟಕ್ಕೆ ಹೋಗಿದ್ದ. ಅಲ್ಲಿಯೂ ಊಟ ಮೇಲೆ. ಮೆಟ್ಟಿಲ ಮೇಲೆ ಜನರ ನಡುವೆ ಸಿಕ್ಕಿಕೊಂಡು, ಒಂದು ಕಿವಿ ಮುಚ್ಚಿಕೊಂಡು, ಫೋನಿನಲ್ಲಿ ಮೇಸ್ತ್ರಿ ಮುನಿಶಾಮಯ್ಯನಿಗೆ ಕೂಗಿ ಹೇಳಿದ್ದ: "ಬಾಲ್ಕನೀಲಿ ಮೇಲಿನ ಕಂಬಿ ತುಳೀಬೇಡಿ, ಹಲಗೆ ಹಾಕ್ಕೊಂಡು ಓಡಾಡಿ." "ನೋಡ್ಕೋತೀನಿ ಬುಡಿ ಸಾ," ಎಂದಿದ್ದ ಮುನಿಶಾಮಯ್ಯ. ಅಷ್ಟರಲ್ಲಿ ಬಾಗಿಲು ತೆರೆದಿತ್ತು. ಜನ ಅವನನ್ನು ಎತ್ತಿಕೊಂಡು ಹೋದ ಹಾಗೆ ಒಳಗೆ ಒಯ್ದಿದ್ದರು. ಆ ದಿನ ಮುದ್ದೆಯ ಜೊತೆ ತಲೆಮಾಂಸದ ಸಾರು ಇತ್ತು. ಅದರ ರುಚಿ ಇನ್ನೂ ಅವನಿಗೆ ನೆನಪಿದೆ ಎಂಬುದೇ ಒಂದು ಶಿಕ್ಷೆ.

"ಹೊನ್ನಾ! ಇಲ್ಲಿ ಬಾಪ್ಪ, ಇಲ್ಲಿ!"

ಮೇಲಿನಿಂದ ಕರೆದದ್ದು ಅತ್ತೆ. ಕಾರಿಡಾರಿನ ತುದಿಯಲ್ಲಿ, ಬಾಗಿಲಿಗೆ ಅಂಟಿದಂತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಮಂಡಿ ನೋವು, ಹತ್ತಿಸಿ ಕೂರಿಸಿದ್ದರು. ಕಟಕಟೆಯ ಸಂದಿಯಿಂದ ಅವಳ ಮುಖ ಕಾಣುತ್ತಿತ್ತು. "ನಿಂಗೂ ಜ್ಯೋತಿಗೂ ಜಾಗ ಮಡ್ಗಿವ್ನಿ ಕಣೋ. ಬಾಗ್ಲು ತೆಗೀತಿದ್ದಂಗೆ ನುಗ್ಗಬೇಕು, ಬಿರ್ರನೆ ಬಾ!" ಜನ ನಕ್ಕರು. ಅವನ ಜೊತೆ ಬಂದಿದ್ದ ಜ್ಯೋತಿಲಕ್ಷ್ಮಿ ಮದುಮಗಳನ್ನು ನೋಡಿ ಬರುತ್ತೇನೆಂದು ಹೆಂಗಸರೊಂದಿಗೆ ಹಿಂದಿನ ಅಡುಗೆ ಶೆಡ್ಡಿನ ಕಡೆ ಹೋದಳು. ಅವನು ಬೋರಲಿಂಗಯ್ಯನನ್ನು ಹುಡುಕಿದ.

ಬೋರಲಿಂಗಯ್ಯ ಮಳಿಗೆಯ ನೆರಳಿನಲ್ಲಿ, ಗರಿಗರಿ ಪಂಚೆ ಉಟ್ಟು, ಬಂದವರಿಗೆಲ್ಲ ಕೈಮುಗಿಯುತ್ತ ನಿಂತಿದ್ದ. ಬಾಡಿಗೆಗೆ ಕೊಟ್ಟವನಾದರೂ ತನ್ನದೇ ಮನೆಯ ಊಟವೆಂಬಂತೆ. "ಅಣ್ಣ, ಆ ಕಾರಿಡಾರಿನಾಗೆ ಜನ ಜಾಸ್ತಿ ಆದ್ರು. ಒಸಿ ಕೆಳಕ್ಕೆ ಇಳಿಸ್ಬೋದಾ?" ಎಂದ ಹೊನ್ನರಾಜು. ತನ್ನ ದನಿ ಅಪ್ಪಣೆ ಕೇಳುವ ದನಿಯಾದದ್ದು ಅವನಿಗೇ ಕೇಳಿಸಿತು.

"ಉಣ್ಣಾಕೆ ನಿಂತವ್ರನ್ನ ಇಳಿಸಾಕಾದಾತೇ ಇಂಜಿನಿಯರ್ರೇ? ಪೊಲೀಸ್ರು ಬಂದ್ರೂ ಇಳಿಯಲ್ಲ." ಬೋರಲಿಂಗಯ್ಯ ಅವನ ಹೆಗಲ ಮೇಲೆ ಕೈಹಾಕಿ ಪಕ್ಕದಲ್ಲಿದ್ದವರ ಕಡೆ ತಿರುಗಿದ. "ಇವ್ರೇ ಕಣ್ರಪ್ಪಾ, ನಮ್ ಬಿಲ್ಡಿಂಗ್ ಪ್ಲಾನ್ ಮಾಡ್ಕೊಟ್ಟೋರು. ನಾನು ಎಲ್ಲಾರ್ಗೂ ಯೋಳ್ತೀನಿ, ಆನೆ ತಂದು ನಿಲ್ಸಿ, ಅಲ್ಲಾಡಿದ್ರೆ ಕೇಳಿ ಅಂತ." ಆ ಮಾತಿನಲ್ಲಿ ಗೌರವವೇ ಇತ್ತು. ಹೊನ್ನರಾಜು ನಕ್ಕ. ಆ ನಗೆ ತುಟಿಯ ಮೇಲೆ ಉಳಿದುಕೊಂಡಿತು, ತೆಗೆಯಲಾಗಲಿಲ್ಲ. ಇವನಿಗೆ ಈಗ ಏನು ಹೇಳಿದರೂ ಮೊದಲು ನನ್ನ ಹೆಸರೇ ಹೇಳಬೇಕು. "ಹಂಗಲ್ಲಣ್ಣ..." ಎಂದ. ಅಷ್ಟರಲ್ಲಿ ಯಾರೋ ಬೀಗರು ಕಾರಿನಿಂದ ಇಳಿದರು, ಬೋರಲಿಂಗಯ್ಯ ಕೈಮುಗಿಯುತ್ತ ಆ ಕಡೆ ಹೋದ.

ಅತ್ತೆಯನ್ನಾದರೂ ಇಳಿಸಿಕೊಂಡು ಬರೋಣ ಎಂದು ಅವನು ಮೆಟ್ಟಿಲು ಹತ್ತಿದ. ಬಾಕಿಯವರು? ಎಂದು ಮನಸ್ಸಿನೊಳಗೆ ಯಾರೋ ಕೇಳಿದರು. ಭುಜ ಅಡ್ಡ ಮಾಡಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಒಂದೊಂದೇ ಮೆಟ್ಟಿಲು ಏರುವಾಗ ಹಸಿರು ಶಲ್ಯದವನೊಬ್ಬ, "ಏನ್ ಸಾಮಿ, ಸಾಲಲ್ಲಿ ನಿಂತೋರು ಮನ್ಸರಲ್ವಾ?" ಎಂದ. "ನಮ್ಮ ಅತ್ತೆ ಮೇಲೆ ಇದಾರೆ," ಎಂದ ಹೊನ್ನರಾಜು. "ಎಲ್ಲಾರ ಅತ್ತೇನೂ ಮೇಲೇ ಐತೆ ಬುಡಿ," ಎಂದ ಅವನು, ಸುತ್ತ ನಗು ಎದ್ದಿತು. ಜನ ನಕ್ಕಾಗ ಮೈಗಳು ಕುಲುಕಿದವು. ಕುಲುಕಿದ್ದು ಮೈಗಳು ಮಾತ್ರವೇ ಎಂದು ಅವನು ಪಾದದಲ್ಲಿ ಕೇಳಿಸಿಕೊಂಡ. ನಿಂತವರು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಕಾರಿಡಾರಿಗೆ ಕಾಲಿಟ್ಟಾಗ ಅಂಗಾಲಿಗೆ ಏನೋ ತಿಳಿಯಿತು. ನಡುಕವೋ, ತನ್ನದೇ ನಾಡಿಯೋ. ಗೋಡೆಗೆ ಅಂಟಿಕೊಂಡು ಸಾಗುವಾಗ, ನೆಲ ಗೋಡೆಯನ್ನು ಕೂಡುವ ಕಡೆ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಸುಣ್ಣದ ಬಿರುಕಿರಬಹುದು, ಬಣ್ಣ ಬಳಿದವನು ಬಿಟ್ಟ ಅಂಚಿರಬಹುದು. ಬಗ್ಗಲು ಜಾಗವಿರಲಿಲ್ಲ. ಚಪ್ಪಲಿಯ ತುದಿಯಿಂದ ಅದನ್ನು ಸವರಿ ನೋಡಿದ. ಪರೀಕ್ಷೆಯ ಹಾಲಿನಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮೇಲೆ ಪೆನ್ಸಿಲು ಆಡಿಸಿದ ಹಾಗೆ. ಮುನಿಶಾಮಯ್ಯ ಹಲಗೆ ಹಾಕಿದ್ದನೋ ಇಲ್ಲವೋ. ಅವನು ತೀರಿಕೊಂಡು ಎರಡು ವರ್ಷವಾಯಿತು. ಕೇಳಬಹುದಾಗಿದ್ದಾಗ ಕೇಳಲಿಲ್ಲ, ಕೇಳಿದರೆ ಉತ್ತರ ಸಿಕ್ಕೀತು ಎಂದೇ ಕೇಳಲಿಲ್ಲ.

"ಬಂದ್ಯಾ. ಬಾ, ನನ್ ಕುರ್ಚಿ ಹಿಂದ್ಕೆ ನಿಂತ್ಕೊ," ಎಂದು ಅತ್ತೆ ಅವನ ಕೈ ಹಿಡಿದಳು. ಕೈಯಲ್ಲಿ ಎಲೆಅಡಿಕೆಯ ಬಟ್ಟೆ ಚೀಲ. ಅದನ್ನೇ ಎಸೆದು ಅವನಿಗೆ ಜಾಗ ಹಿಡಿಯುವುದು ಅವಳ ಲೆಕ್ಕ. ಒಳಗಿನಿಂದ ಎಲೆ ಎತ್ತುವ ಸದ್ದು ಕೇಳಿತು. ಹಿಂದಿನವರು ಒಂದು ಹೆಜ್ಜೆ ಒತ್ತಿದರು. ಕಾರಿಡಾರಿನ ಎಲ್ಲರೂ ಒಟ್ಟಿಗೆ ಒಂದು ಉಸಿರಿನಷ್ಟು ಮುಂದೆ ಬಾಗಿದರು.

"ಅತ್ತೆ, ಕೆಳಗೆ ಹೋಗೋಣ ನಡಿ."

"ಯಾಕ್ಲಾ? ಇಷ್ಟೊತ್ತು ಕಾದಿವ್ನಿ. ಎದ್ರೆ ಜಾಗ ಹೋಯ್ತದೆ."

ನಿಜ ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ಕೂಗು ಸಾಕು. ಜನ ಓಡುತ್ತಾರೆ, ಓಡುವ ಜನಕ್ಕಿಂತ ಭಾರವಾದ್ದು ಯಾವ ಲೆಕ್ಕದಲ್ಲೂ ಇಲ್ಲ. ಹಾಗೆಂದು ತನಗೆ ತಾನು ಹೇಳಿಕೊಂಡ. ಅದು ನಿಜವೂ ಆಗಿತ್ತು. ಅನುಕೂಲವೂ ಆಗಿತ್ತು. ನಿಜ ಮತ್ತು ಅನುಕೂಲ ಒಂದೇ ಕಡೆ ನಿಂತಾಗ ಯಾವುದರ ಮಾತು ಕೇಳುತ್ತಿದ್ದೇನೆಂದು ತಿಳಿಯದೆ, ಹಿಂದಿರುಗಿ ಗಟ್ಟಿಯಾಗಿ ಹೇಳಿಬಿಟ್ಟ. "ಕೆಳಗೆ ಇನ್ನೊಂದು ಪಂಕ್ತಿ ಹಾಕ್ತಾವ್ರೆ. ಅಡುಗೆ ಶೆಡ್ಡಿನ ಮುಂದೆ. ನಿಧಾನಕ್ಕೆ ಇಳೀರಿ, ಎಲ್ಲಾರ್ಗೂ ಐತೆ, ಹಿಂದಿನೋರು ಮೊದ್ಲು."

ಇಂಜಿನಿಯರ ಮಾತು, ಇಸ್ತ್ರಿ ಮಾಡಿದ ಶರ್ಟಿನ ಮಾತು, ಜನ ನಂಬಿದರು. ಮೆಟ್ಟಿಲ ಬುಡದವರು ಹಿಂದಿರುಗಿದರು, ಅವರ ಹಿಂದೆ ನಡುವಿನವರು, ಒಬ್ಬೊಬ್ಬರಾಗಿ. ಭಾರ ಇಳಿಯುವುದು ಅವನಿಗೆ ಕಾಲಿನಿಂದಲೇ ತಿಳಿಯುತ್ತಿತ್ತು. ಕೊನೆಗೆ ಅತ್ತೆ. ಅವಳ ತೋಳಿನ ಕೆಳಗೆ ಕೈಕೊಟ್ಟು ಇಳಿಸುವಾಗ ಅವಳು ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಂತಳು. ಹಗುರವಾಗಿದ್ದಳು, ಅವನ ಲೆಕ್ಕಕ್ಕೆ ಏನೇನೂ ಸಾಲದಷ್ಟು. "ದಿಟವಾಗ್ಲೂ ಹಾಕ್ತಾವ್ರಾ ಮಗ?" ಎಂದು ಕೇಳಿದಳು. "ಹೂಂ ಅತ್ತೆ," ಎಂದ. ನೆತ್ತಿಯ ಮೇಲೆ ಅಂಗೈ ಇಟ್ಟು ಕಾದವಳಿಗೆ ಎದುರೆದುರೇ ಸುಳ್ಳು ಹೇಳಿದ್ದು ಅದೇ ಮೊದಲು. ಅದಕ್ಕಿಂತ ದೊಡ್ಡ ಸುಳ್ಳನ್ನು ಕಾರ್ಡು ಬಂದ ದಿನದಿಂದ ಹೇಳುತ್ತ ಬಂದಿದ್ದೆನಲ್ಲ, ಬಾಯಿ ಬಿಡದೆ.

ಅಡುಗೆ ಶೆಡ್ಡಿನ ಮುಂದೆ ಪಾತ್ರೆ ಬಿಟ್ಟರೆ ಏನೂ ಇರಲಿಲ್ಲ. ಅಡುಗೆಯ ಸಿದ್ದಯ್ಯ ಸೌಟು ಹಿಡಿದು ಬೆಪ್ಪಾಗಿ ನೋಡಿದ. "ಇಲ್ಲೆಲ್ಲಿ ಪಂಕ್ತಿ? ಯಾರ್ ಯೋಳಿದ್ದು?" ಜನ ತಿರುಗಿದರು. ಅದೇ ಹೊತ್ತಿಗೆ ಮೇಲೆ ಬಾಗಿಲು ತೆರೆದ ಸದ್ದಾಯಿತು. ಹಸಿರು ಶಲ್ಯದವನಿಗೆ ಎಲ್ಲ ಅರ್ಥವಾಗಿಹೋಯಿತು. "ಅಯ್ಯೋ ನಮ್ಮಪ್ಪ! ಎಲ್ಲಾರ್ನೂ ಇಳ್ಸಿ ತಾನೊಬ್ನೇ ಮೊದ್ಲು ಕೂತ್ಕಳಾಕೆ ಎಂಥಾ ಐಡಿಯಾ ಮಾಡ್ದ ನೋಡ್ರಲಾ! ಓದಿದ್ದು ಸಾರ್ಥಕ ಆಯ್ತು ಕಣಯ್ಯ ನಿಂದು!" ಯಾರೋ ಸಿಳ್ಳೆ ಹಾಕಿದರು. ಇನ್ನಾರೋ, "ಮಟನ್ ಪೀಸಿಗೆ ಇಷ್ಟೊಂದಾ," ಎಂದರು. ಆಮೇಲೆ ಎಲ್ಲರೂ ಒಮ್ಮೆಗೇ ಮೆಟ್ಟಿಲ ಕಡೆ ಬಂದರು. ಮೊದಲಿನ ಹಾಗೆ ನಿಲ್ಲಲು ಅಲ್ಲ, ಕಳೆದುಕೊಂಡ ಜಾಗಕ್ಕಾಗಿ ಓಡಿ.

ಅವನು ಮೊದಲ ಮೆಟ್ಟಿಲ ಮೇಲೆ ನಿಂತು ಎರಡೂ ಕಡೆಯ ಕಟಕಟೆ ಹಿಡಿದುಕೊಂಡ. ಯಾರದೋ ಕೈ ಅವನ ಎದೆಗೆ ತಾಗಿತು. ಶರ್ಟಿನ ಗುಂಡಿಯೊಂದು ಹೋಯಿತು. ಜ್ಯೋತಿಲಕ್ಷ್ಮಿ ಶೆಡ್ಡಿನ ಮೂಲೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಹತ್ತಬೇಡಿ. ಅದು ಇಷ್ಟು ಜನಕ್ಕೆ ಮಾಡಿದ್ದಲ್ಲ." ದನಿ ಏರಿಸಿದ. ಮತ್ತೆ ಹೇಳಿದ. "ಮನೆಗೆ ಅಂತ ಲೆಕ್ಕ ಹಾಕಿದ್ದು. ನಾನೇ ಹಾಕಿದ್ದು. ಆ ಕಾರಿಡಾರಿಗೆ ಕೆಳಗೆ ಕಂಬ ಇಲ್ಲ. ಮೋಲ್ಡ್ ಹಾಕಿದ ದಿನ ನಾನು ಬರಲಿಲ್ಲ, ಕಂಬಿ ಎಲ್ಲೈತೆ ಅಂತ ನಂಗೆ ಗೊತ್ತಿಲ್ಲ."

ಒತ್ತುತ್ತಿದ್ದ ಕೈಗಳು ನಿಂತವು. ಹಸಿರು ಶಲ್ಯದವನು ತಲೆ ಎತ್ತಿ ಕಾರಿಡಾರು ನೋಡಿದ, ಅವನನ್ನು ನೋಡಿದ. "ಬೀಳ್ತದಾ?"

"ಗೊತ್ತಿಲ್ಲ. ಬೀಳ್ದೇನೂ ಇರ್ಬೋದು."

"ಇದೇನ್ ಸಾಮಿ, ಮಳೆ ಬತ್ತದೋ ಇಲ್ವೋ ಅನ್ನೋ ಹಂಗೆ ಯೋಳ್ತೀರಲ್ಲ!" ಎಂದ ಅವನು. ಈ ಸಲ ಯಾರೂ ನಗಲಿಲ್ಲ. ಕೆಲವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು, ಕಟ್ಟಡದಿಂದಲೋ ತನ್ನಿಂದಲೋ ಹೊನ್ನರಾಜುವಿಗೆ ತಿಳಿಯಲಿಲ್ಲ. ಬೋರಲಿಂಗಯ್ಯ ಜನರನ್ನು ಸರಿಸಿ ಬಂದ. ಮುಖ ಕೆಂಪಾಗಿತ್ತು. "ಮರ್ವಾದೆ ಕಳೆದ್ಬುಟ್ರಲ್ಲ ಇಂಜಿನಿಯರ್ರೇ, ಊರೋರ ಮುಂದೆ. ಬೋರ್ಡ್ ಹಾಕ್ದಾಗ್ಲೇ ಬಂದು ಒಂದು ಮಾತು ಯೋಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ? ಎರಡು ಕಂಬ ಕೊಡಿಸ್ತಿರ್ಲಿಲ್ವಾ?" ಕೊಡಿಸುತ್ತಿದ್ದನೋ ಇಲ್ಲವೋ. ಆದರೆ ಆ ಮಾತನ್ನು ಆಡುವ ಹಕ್ಕನ್ನು ಅವನಿಗೆ ಕೊಟ್ಟವನು ತಾನೇ. ಹೊನ್ನರಾಜು ಕಟಕಟೆ ಬಿಡಲಿಲ್ಲ. ಮೇಲೆ ಉಂಡವರನ್ನು ಇಬ್ಬಿಬ್ಬರಾಗಿ ಕರೆದು ಇಳಿಸಿದರು. ಬೀಡಿ ಸೇದುತ್ತ, ಹಲ್ಲು ಚುಚ್ಚುತ್ತ ಇಳಿದವರು ಕೆಳಗಿನ ಮೌನ ನೋಡಿ, ಯಾರಾದರೂ ತೀರಿಕೊಂಡರೇ ಎಂದು ಕೇಳಿದರು.

ಆಮೇಲೆ ಆದದ್ದು ಸಾಮಾನ್ಯ ಕೆಲಸ. ಟೇಬಲ್ಲು ಕುರ್ಚಿಗಳನ್ನು ಒಂದೊಂದಾಗಿ ಇಳಿಸಿದರು. ಸಿದ್ದಯ್ಯ ಗೊಣಗುತ್ತಲೇ ಮುದ್ದೆಯ ಬುಟ್ಟಿ ಮಗ್ಗುಲಿಗೆ ಎಳೆದುಕೊಂಡ. ಮಳಿಗೆಯ ಮುಂದೆ, ರಸ್ತೆಯವರೆಗೂ ಪಂಕ್ತಿ ಬಂತು. ಹೊನ್ನರಾಜು ಹೇಳಿದ ಸುಳ್ಳು ತಡವಾಗಿ ನಿಜವಾಯಿತು. ಯಾರೂ ಅವನ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಎಲೆ ಹಾಸುವ ಗಡಿಬಿಡಿಯಲ್ಲಿ ಅವನನ್ನು ಮರೆತಿದ್ದರು. ಅವನು ಆಗಾಗ ತಲೆ ಎತ್ತಿ ನೋಡಿದ. ಖಾಲಿ ಕಾರಿಡಾರು ಬಿಸಿಲಿನಲ್ಲಿ ತಣ್ಣಗೆ ಚಾಚಿಕೊಂಡಿತ್ತು, ತನ್ನ ಮೇಲೆ ಏನೂ ಆಗಿಲ್ಲವೆಂಬಂತೆ. ಬಿದ್ದಿದ್ದರೆ ಎಂದು ಒಂದು ಕ್ಷಣ ಅವನ ಮನಸ್ಸು ಆಸೆಪಟ್ಟಿತು, ಖಾಲಿ ಇರುವಾಗ, ಈಗ, ಸದ್ದು ಮಾಡಿ ಬಿದ್ದು ತನ್ನ ಮಾತನ್ನು ಉಳಿಸಿದ್ದರೆ. ಆ ಆಸೆಗೆ ಅವನೇ ನಾಚಿದ.

ಅತ್ತೆ ಪಂಕ್ತಿಯ ತುದಿಯಲ್ಲಿ ಕೂತಿದ್ದಳು. ಪಕ್ಕದ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಜ್ಯೋತಿಲಕ್ಷ್ಮಿ ತಲೆ ತಗ್ಗಿಸಿ ಕೂತಿದ್ದಳು. ಇನ್ನೊಂದರ ಮೇಲೆ ಎಲೆಅಡಿಕೆಯ ಚೀಲ. ಯಾರೋ ಅದನ್ನು ಸರಿಸಿ ಕೂರಲು ಬಂದಾಗ ಅತ್ತೆ ಅಂಗೈ ಅಡ್ಡ ಇಟ್ಟಳು. "ನಮ್ ಹೊನ್ನಂದು." ಅವನು ಹೋಗಿ ಆ ಕುರ್ಚಿಯ ಹಿಂದೆ ನಿಂತ.

ಅವಳು ತಿರುಗಿ ನೋಡಲಿಲ್ಲ. ಎಲೆಗೆ ನೀರು ಚಿಮುಕಿಸುತ್ತ, ಮನೆಯ ಮಾತು ಕೇಳುವ ದನಿಯಲ್ಲೇ ಕೇಳಿದಳು. "ನಾನು ಬೆಳಿಗ್ಗಿಂದ ಅಲ್ಲೇ ಕೂತಿದ್ದೆ. ನೀನು ಕೆಳಗ್ ನಿಂತು ನನ್ ನೋಡ್ದೆ. ನೋಡಿ ಬೋರಲಿಂಗಣ್ಣನ್ ತಾವ ಹೋಗಿ ನಕ್ಕೊಂಡು ಮಾತಾಡ್ತಿದ್ದೆ. ಆವಾಗ್ಲೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

ಅವಳು ಎಲೆ ಒರೆಸಿದಳು. ಮೂಲೆಯಿಂದ ಮೂಲೆಗೆ, ನಿಧಾನವಾಗಿ, ಇನ್ನೂ ಒಂದು ಸಲ. ಬಡಿಸುವವರು ಉಪ್ಪು ಇಟ್ಟು ಮುಂದೆ ಹೋದರು. ಆಮೇಲೆ ಅವಳು ಕುರ್ಚಿಯ ಮೇಲಿನ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಕೂತ್ಕೊ. ಮುದ್ದೆ ಆರೋಯ್ತದೆ."

ಹೊನ್ನರಾಜು ಕುರ್ಚಿಯ ಎರಡು ತೋಳುಗಳನ್ನು ಹಿಡಿದು ಬಗ್ಗಿದ. ಮೈಯ ಭಾರವನ್ನೆಲ್ಲ ಒಮ್ಮೆಗೇ ಬಿಡಲು ಧೈರ್ಯ ಬರಲಿಲ್ಲ. ಅಷ್ಟಷ್ಟೇ, ಅಷ್ಟಷ್ಟೇ ಇಳಿಸಿದ. ಕುರ್ಚಿ ತಡೆದುಕೊಂಡಿತು. ಪೂರ್ತಿ ಕೂತಮೇಲೂ ಅವನ ಎರಡೂ ಪಾದಗಳು ನೆಲವನ್ನು ಒತ್ತಿ ಹಿಡಿದೇ ಇದ್ದವು.